ಒತ್ತುವ ಮುಂಚೆ ಓದಮ್ಮ

ನೋಡಮ್ಮ, ಫಾಸ್ಟರ್ ಸಿಟಿಯಲ್ಲಿ ಮನೆ ಹಿಡಿದು ಸಾಮಾನು ಬಿಚ್ಚುವ ಮೊದಲೇ ‘ಮಾವ, ಲ್ಯಾಪ್‌ಟಾಪಿನಿಂದ ವಿಂಡೋಸ್ ಕಿತ್ತು ಲಿನಕ್ಸ್ ಹಾಕಿಬಿಡಲಾ?’ ಅಂತ ಕೇಳಿದೆ. ಧಾರಾಳವಾಗಿ ಹಾಕಿಕೋ. ಉಬುಂಟುವೋ ಡೆಬಿಯನ್ನೋ ಫೆಡೋರಾವೋ, ಯಾವ ಬಗೆಯ ಲಿನಕ್ಸ್ ಅಂತ ಮಾತ್ರ ನನ್ನನ್ನು ಕೇಳಬೇಡ. ಮಸಾಲೆ ದೋಸೆ ಯಾವ ಹೋಟೆಲಿನದು ಚೆಂದ ಅನ್ನುವ ಜಗಳದ ಹಾಗೆ ಅದು ಯಾವತ್ತೂ ಮುಗಿಯುವುದಿಲ್ಲ. ನಾನು ಹೇಳಬೇಕೆಂದಿರುವುದು ಬೇರೆ: ‘ಐ ಅಗ್ರೀ’ ಅನ್ನುವ ಗುಂಡಿ ಒತ್ತುವ ಮುಂಚೆ ಅದರ ಮೇಲ್ಗಡೆ ಬರೆದಿರುವ ಒಪ್ಪಂದವನ್ನು ಓದು.

ಓದಿದವರು ಏನು ಮಾಡಿದರು ಅನ್ನುವುದಕ್ಕೆ ನೀನಿರುವ ಊರಲ್ಲೇ ಒಂದು ಕಥೆಯಿದೆ. 1999ರ ಫೆಬ್ರವರಿ 15, ಸೋಮವಾರ, ಪ್ರೆಸಿಡೆಂಟ್ಸ್ ಡೇ ರಜೆ. ಆಗ ಮೈಕ್ರೋಸಾಫ್ಟಿನ ಒಂದು ಕಚೇರಿ ಫಾಸ್ಟರ್ ಸಿಟಿಯಲ್ಲಿತ್ತು. ಬೇ ಏರಿಯಾದ ಲಿನಕ್ಸ್ ಬಳಗದವರು ತಾವು ಬಳಸದ ವಿಂಡೋಸ್ ಸಿ.ಡಿ.ಗಳನ್ನು ಹಿಡಿದುಕೊಂಡು ಅಲ್ಲಿಗೆ ಮೆರವಣಿಗೆ ಹೋದರು. ಅಂಗಡಿಯಲ್ಲಿ ಕಂಪ್ಯೂಟರ್ ಕೊಂಡರೆ ವಿಂಡೋಸ್ ಜೊತೆಗೇ ಬರುತ್ತಿದ್ದ ಕಾಲ ಅದು. ಬೇಕಿರಲಿ ಬೇಡವಾಗಿರಲಿ, ಅದರ ದುಡ್ಡು ಬೆಲೆಯೊಳಗೇ ಸೇರಿರುತ್ತಿತ್ತು. ಆದರೆ ಲೈಸೆನ್ಸ್ ಒಪ್ಪಂದದಲ್ಲಿ ಒಂದು ಮಾತಿತ್ತು: ಈ ಷರತ್ತುಗಳು ನಿಮಗೆ ಒಪ್ಪಿಗೆಯಿಲ್ಲದಿದ್ದರೆ ಬಳಸದೆ ಹಿಂದಿರುಗಿಸಿ, ಹಣ ವಾಪಸು ಪಡೆಯಲು ಕಂಪ್ಯೂಟರ್ ತಯಾರಕರನ್ನು ಕೇಳಿ. ಯಾರೂ ಓದದೆ ದಾಟಿಹೋಗುತ್ತಿದ್ದ ಮಾತು. ಆಸ್ಟ್ರೇಲಿಯಾದ ಒಬ್ಬ ಪುಣ್ಯಾತ್ಮ ಅದನ್ನು ಓದಿ, ತೋಷಿಬಾ ಕಂಪನಿಯ ಬೆನ್ನುಹತ್ತಿ ಹಣ ವಸೂಲು ಮಾಡಿದ್ದ. ಇಲ್ಲಿಯವರಿಗೆ ಹುರುಪು ಬಂದದ್ದು ಅದರಿಂದ.

ಮೈಕ್ರೋಸಾಫ್ಟಿನವರೂ ಕಡಿಮೆಯವರಲ್ಲ. ಕಾರು ನಿಲ್ಲಿಸುವ ಕಟ್ಟಡದ ಮೇಲಂತಸ್ತಿನಲ್ಲಿ ಸ್ವಾಗತದ ಬ್ಯಾನರ್ ಕಟ್ಟಿ, ಬಂದವರಿಗೆ ಕುಡಿಯಲು ಕೊಟ್ಟು ಉಪಚರಿಸಿದರು. ದುಡ್ಡು ಮಾತ್ರ ಬಿಚ್ಚಲಿಲ್ಲ. ‘ತಯಾರಕರನ್ನು ಕೇಳಿ’ ಅಂದರು. ತಯಾರಕರನ್ನು ಕೇಳಿದರೆ ‘ಮೈಕ್ರೋಸಾಫ್ಟನ್ನು ಕೇಳಿ’ ಅನ್ನುವುದು ಮಾಮೂಲಾಗಿತ್ತು. 2001ರ ‘ರೆವಲ್ಯೂಷನ್ ಓಎಸ್’ ಸಾಕ್ಷ್ಯಚಿತ್ರದಲ್ಲಿ ಆ ದಿನದ ದೃಶ್ಯಗಳಿವೆ, ಬಿಡುವಾದಾಗ ನೋಡು. ಕಾಸು ಗಿಟ್ಟದಿದ್ದರೂ ಅವರು ಸೋತರು ಅಂತ ನನಗೆ ಅನ್ನಿಸುವುದಿಲ್ಲ. ಆ ಕಾಗದದಲ್ಲಿ ಗಿರಾಕಿಗೂ ಒಂದು ಹಕ್ಕು ಬರೆದಿದೆ ಅಂತ ಹತ್ತು ಜನರಿಗೆ ಗೊತ್ತಾಯಿತು.

ಲಿನಕ್ಸ್ ಈ ಮಟ್ಟಕ್ಕೆ ಬೆಳೆದದ್ದರಲ್ಲೂ ಲೈಸೆನ್ಸಿನ ಪಾಲು ದೊಡ್ಡದು. ಲೀನಸ್ ಟೊರ್ವಾಲ್ಡ್ಸ್ ಹೆಲ್ಸಿಂಕಿಯಲ್ಲಿ ಓದುತ್ತಿದ್ದಾಗ 1991ರಲ್ಲಿ ಹೊರಬಿಟ್ಟ, ಲಿನಕ್ಸಿನ ತಿರುಳಾದ ಮೊದಲ ಕರ್ನೆಲ್ಲನ್ನು ಹಂಚಿ ಹಣ ಮಾಡುವಂತಿರಲಿಲ್ಲ. 1992ರಲ್ಲಿ ಅವರು ಅದರ ಲೈಸೆನ್ಸನ್ನು ಜಿಪಿಎಲ್‌ಗೆ ಬದಲಾಯಿಸಿದರು: ಮಾರಿಕೊಳ್ಳಿ, ತಿದ್ದಿಕೊಳ್ಳಿ, ಆದರೆ ಹಂಚುವಾಗ ಮೂಲ ಕೋಡನ್ನೂ ಕೊಡಿ. ಸಿ.ಡಿ. ಮಾರುವವರಿಗೂ ಕಂಪನಿಗಳಿಗೂ ಬಾಗಿಲು ತೆರೆಯಿತು. ನಿನಗೆ ಇದು ಬರೀ ಇತಿಹಾಸ ಅಲ್ಲ. ನಾಳೆ ಆಫೀಸಿನಲ್ಲಿ ಗಡಿಬಿಡಿಯಲ್ಲಿ ಎಲ್ಲಿಂದಲೋ ನೂರು ಸಾಲು ಕೋಡ್ ಎತ್ತಿ ಪ್ರಾಡಕ್ಟಿಗೆ ಅಂಟಿಸುತ್ತೀಯ. ಅದು ಎಂಐಟಿ ಲೈಸೆನ್ಸಿನದಾದರೆ ಮೂಲದವರ ಹೆಸರು, ಷರತ್ತು ಉಳಿಸಿಕೊಂಡರೆ ಮುಗಿಯಿತು. ಜಿಪಿಎಲ್‌ನದಾದರೆ ಕಂಪನಿಯ ವಕೀಲರು ನಿನ್ನ ಮೇಜಿನ ಹತ್ತಿರ ಬರುತ್ತಾರೆ.

ಇನ್ನೊಂದು ಕಾಗದ, ನಿನ್ನ ಆಫರ್ ಲೆಟರಿನ ಜೊತೆ ಬಂದದ್ದು. ನೀನು ಕಂಡುಹಿಡಿದದ್ದೆಲ್ಲ ಕಂಪನಿಯದು ಅನ್ನುವ ಪುಟ ಅದರಲ್ಲಿ ಇದ್ದೇ ಇರುತ್ತದೆ. ಹೆದರಬೇಡ. ಕ್ಯಾಲಿಫೋರ್ನಿಯಾ ಲೇಬರ್ ಕೋಡಿನ 2870ನೇ ಸೆಕ್ಷನ್ ನಿನ್ನ ಪರ ಇದೆ: ಪೂರ್ತಿ ನಿನ್ನ ಸಮಯದಲ್ಲಿ, ಕಂಪನಿಯ ಉಪಕರಣ ಮುಟ್ಟದೆ ಮಾಡಿದ್ದು ನಿನ್ನದೇ. ಆದರೆ ಅದು ಕಂಪನಿಯ ವ್ಯವಹಾರಕ್ಕೆ ಸಂಬಂಧಪಟ್ಟದ್ದಾಗಿರಬಾರದು, ಅಲ್ಲಿ ನೀನು ಮಾಡುವ ಕೆಲಸದಿಂದ ಹುಟ್ಟಿದ್ದೂ ಆಗಿರಬಾರದು. ಆದ್ದರಿಂದ ಓಪನ್ ಸೋರ್ಸ್ ಕೆಲಸಕ್ಕೆ ನಿನ್ನದೇ ಲ್ಯಾಪ್‌ಟಾಪ್, ನಿನ್ನದೇ ಇಮೇಲ್ ಇಟ್ಟುಕೋ. ಅನುಮಾನ ಬಂದರೆ ಮ್ಯಾನೇಜರಿಂದ ಬರಹದಲ್ಲಿ ಒಪ್ಪಿಗೆ ತಗೋ, ಬಾಯಿಮಾತು ಸಾಲದು.

ಕೋಡ್ ತೆರೆದಿಟ್ಟ ಮಾತ್ರಕ್ಕೆ ಭದ್ರ ಅಂತ ನಂಬಿಕೊಂಡು ಕೂರಬೇಡ. 2024ರ ಮಾರ್ಚ್ ಕೊನೆಯಲ್ಲಿ ಏನಾಯಿತು ನೆನಪಿದೆಯಲ್ಲ? ಆಂಡ್ರೆಸ್ ಫ್ರಾಯಿಂಡ್ ಅನ್ನುವ ಎಂಜಿನಿಯರ್ ಡೆಬಿಯನ್ನಿನ ‘ಅನ್‌ಸ್ಟೇಬಲ್’ ಆವೃತ್ತಿಯ ಮೇಲೆ ಡೇಟಾಬೇಸ್ ತಂತ್ರಾಂಶವಾದ ಪೋಸ್ಟ್‌ಗ್ರೆಸ್‌ನ ವೇಗ ಅಳೆಯುತ್ತಿದ್ದರು. ಎಸ್‌ಎಸ್‌ಎಚ್ ಮೂಲಕ ದೂರದಿಂದ ಲಾಗಿನ್ ಆಗಲು ಸುಮಾರು 0.3 ಸೆಕೆಂಡಿನ ಬದಲು 0.8 ಸೆಕೆಂಡ್ ಹಿಡಿಯುತ್ತಿತ್ತು. ಬೇರೆಯವರಾಗಿದ್ದರೆ ಕಾಫಿ ತರಲು ಎದ್ದು ಹೋಗುತ್ತಿದ್ದರು. ಇವರು ಜಾಡು ಹಿಡಿದು ಹೋದರೆ, ಎಕ್ಸ್‌ಝಡ್ ಅನ್ನುವ, ಫೈಲು ಕುಗ್ಗಿಸುವ ಪುಟ್ಟ ತಂತ್ರಾಂಶದ 5.6.0, 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲು! ಆ ಬಾಗಿಲನ್ನು ಕೂರಿಸುವ ಸಾಲು ಎಲ್ಲರೂ ನೋಡುವ ಗಿಟ್ ಭಂಡಾರದಲ್ಲಿ ಇರಲಿಲ್ಲ, ಬಿಡುಗಡೆಯ ಟಾರ್ ಫೈಲಿನಲ್ಲಿ ಮಾತ್ರ ಇತ್ತು. ಜಿಯಾ ಟಾನ್ ಅನ್ನುವ ಹೆಸರಿಟ್ಟುಕೊಂಡವರೊಬ್ಬರು ವರ್ಷಗಟ್ಟಲೆ ಒಳ್ಳೆಯ ಪ್ಯಾಚ್ ಕಳಿಸಿ ವಿಶ್ವಾಸ ಗಳಿಸಿದ್ದರು. ಅದೇ ಹೊತ್ತಿಗೆ, ಒಬ್ಬರೇ ಅದನ್ನು ನೋಡಿಕೊಳ್ಳುತ್ತಿದ್ದ ಲಾಸ್ಸೆ ಕಾಲಿನ್ ಅವರನ್ನು ‘ಯಾಕಿಷ್ಟು ನಿಧಾನ, ಬೇರೆಯವರಿಗೆ ಬಿಟ್ಟುಕೊಡಿ’ ಅಂತ ಅಪರಿಚಿತ ಹೆಸರುಗಳಿಂದ ಪೀಡಿಸುವ ಪತ್ರಗಳು ಬರುತ್ತಿದ್ದವು. ಪುಕ್ಕಟೆ ದುಡಿಯುವ ಮನುಷ್ಯನಿಗೆ ಜೋರು ಮಾಡುವ ಈ ಚಾಳಿ ಕಂಡರೆ ನನಗೆ ಮೈ ಉರಿಯುತ್ತದೆ. ನೀನು ಹಾಗೆ ಬರೆದದ್ದು ಕಣ್ಣಿಗೆ ಬಿದ್ದರೆ ನಿನ್ನಮ್ಮನಿಗೆ ಫೋನ್ ಮಾಡುತ್ತೇನೆ.

ಅಂದಹಾಗೆ ಫ್ರಾಯಿಂಡ್ ಯಾವ ಕಂಪನಿಯವರು ಗೊತ್ತೆ? ಮೈಕ್ರೋಸಾಫ್ಟ್. 2001ರಲ್ಲಿ ಅದರ ಮುಖ್ಯಸ್ಥ ಸ್ಟೀವ್ ಬಾಮರ್ ಲಿನಕ್ಸನ್ನು ಕ್ಯಾನ್ಸರಿಗೆ ಹೋಲಿಸಿದ್ದರು. ನಮ್ಮ ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದಿದ ಸತ್ಯ ನಾದೆಲ್ಲ ಬಂದ ಮೇಲೆ 2016ರಲ್ಲಿ ಅದೇ ಕಂಪನಿ ಲಿನಕ್ಸ್ ಫೌಂಡೇಶನ್ ಸೇರಿತು, 2018ರಲ್ಲಿ ಕೋಡ್ ಹಂಚುವ ತಾಣವಾದ ಗಿಟ್‌ಹಬ್ಬನ್ನೇ ಕೊಂಡಿತು. ಹಾಗಾಗಿ ವಿಂಡೋಸ್ ಬಳಸುವ ಸಹೋದ್ಯೋಗಿಯನ್ನು ಕಂಡು ಮೂಗು ಮುರಿಯಬೇಡ. ಕಂಪನಿಗಳ ಬಣ್ಣ ಬದಲಾಗುತ್ತಿರುತ್ತದೆ, ನೆಚ್ಚಿಕೊಳ್ಳುವುದಾದರೆ ಲೈಸೆನ್ಸಿನ ಬರಹವನ್ನು ನೆಚ್ಚಿಕೋ.

ಓಪನ್ ಸೋರ್ಸ್ ಕೆಲಸ ಎಲ್ಲಿಂದ ಶುರು ಮಾಡಲಿ ಅಂತೀಯ. ಕರ್ನೆಲ್ಲಿಗೇ ಕೈ ಹಾಕಬೇಕಿಲ್ಲ, ಕನ್ನಡದಿಂದ ಶುರು ಮಾಡು. ನಿನ್ನಜ್ಜ ಹಳೆಯ ಫಾಂಟಿನಲ್ಲಿ ಟೈಪು ಮಾಡಿಸಿಟ್ಟ ಲೇಖನಗಳು ಇವತ್ತು ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಆಗಿ ಕಾಣುತ್ತವೆ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಣುಕುಗಳನ್ನು ಕೂರಿಸಿದ ಫಾಂಟುಗಳು ಅವು. ಯುನಿಕೋಡ್ ಬಂದು ಆ ಗೋಳು ತಪ್ಪಿತು. ಯುನಿಕೋಡಿನ ಕನ್ನಡವನ್ನು ತೆರೆಯ ಮೇಲೆ ಒತ್ತಕ್ಷರ ಸಮೇತ ಜೋಡಿಸಿ ತೋರಿಸುವ ಹಾರ್ಫ್‌ಬಝ್ ಮುಕ್ತ ತಂತ್ರಾಂಶ. ಡೆಬಿಯನ್ನಿನಲ್ಲಿ ಸಿಗುವ ಗುಬ್ಬಿ, ನವಿಲು ಫಾಂಟುಗಳೂ ಮುಕ್ತವೇ.

ಒಂದು ಪರೀಕ್ಷೆ ಹೇಳುತ್ತೇನೆ. ‘ಸೂರ್ಯ’ ಅಂತ ಟೈಪು ಮಾಡು, ಅರ್ಕಾವತ್ತು ಬರಬೇಕು. ಆಮೇಲೆ ‘ರ‍್ಯಾಂಕ್’ ಅಂತ ಮಾಡು, ರ ಮುಂದೆ ನಿಂತು ಯ ಒತ್ತಾಗಬೇಕು. ಇದಕ್ಕೆ ರ ಆದಮೇಲೆ ಕಣ್ಣಿಗೆ ಕಾಣದ ಝಡ್‌ಡಬ್ಲ್ಯೂಜೆ ಅನ್ನುವ ಸಂಕೇತ, ಅದರ ನಂತರ ಹಲಂತ ಸೇರಬೇಕು. ಎಲ್ಲಾ ಆಪ್‌ಗಳಲ್ಲಿ, ಎಲ್ಲಾ ಫಾಂಟುಗಳಲ್ಲಿ ಮಾಡಿ ನೋಡು. ಎಲ್ಲಿ ಕೆಟ್ಟಿದೆಯೋ ಅಲ್ಲಿಗೆ ಬಗ್ ವರದಿ ಬರೆ: ಯಾವ ಆವೃತ್ತಿ, ಯಾವ ಫಾಂಟ್, ಏನು ಟೈಪು ಮಾಡಿದೆ, ಏನು ಕಾಣಿಸಿತು, ಹೇಗಿರಬೇಕಿತ್ತು. ಕನ್ನಡ ಬಾರದವರು ಓದುತ್ತಾರೆ, ಅದಕ್ಕೆ ಎರಡೂ ರೂಪದ ಚಿತ್ರ ಲಗತ್ತಿಸು. ಉತ್ತರ ತಡವಾದರೆ ತಾಳಿಕೋ. ಅಷ್ಟರಲ್ಲಿ ಫಾಂಟ್ ತಿದ್ದುವ ಫಾಂಟ್‌ಫೋರ್ಜ್ ಹಾಕಿಕೊಂಡು ಶನಿವಾರ ಮನೆಗೆ ಬಾ. ಫಾಂಟಿನ ಒಳಗೆ ಈ ನಿಯಮ ಎಲ್ಲಿ ಕೂತಿರುತ್ತದೆ ಅಂತ ತೋರಿಸುತ್ತೇನೆ, ತಿದ್ದುಪಡಿಯನ್ನು ನೀನೇ ಬರೆದು ಕಳಿಸುವೆಯಂತೆ.