ಒಂದು ಕೆಲಸವನ್ನು ಕೊನೆ ಮುಟ್ಟಿಸುವ ವಿದ್ಯೆ



ಕಳೆದ ತಿಂಗಳು ನಮ್ಮ ವಾಚನಾಲಯಕ್ಕೆ ಬಂದ ತರುಣ ಗುಮಾಸ್ತರೊಬ್ಬರು ವೃತ್ತಪತ್ರಿಕೆಯ ಒಂದು ಜಾಹೀರಾತಿನ ಮೇಲೆ ಬೆರಳಿಟ್ಟು, “ಈ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಎಂದರೆ ಏನು ಮಾರಾಯರೇ? ಇದು ಎಂಜಿನಿಯರರಿಗೆ ಮಾತ್ರವೋ, ನಮ್ಮಂಥವರಿಗೂ ಉಂಟೋ?” ಎಂದು ಕೇಳಿದರು. ಆ ಹೊತ್ತಿಗೆ ನಮಗೆ ತೋಚಿದ ಉತ್ತರ ಕೊಟ್ಟೆವು. ಆದರೆ ಮನೆಗೆ ಹೋದ ಮೇಲೆ ಆ ಉತ್ತರ ಸಾಲದೆಂದು ತೋರಿದುದರಿಂದ ಈ ಪಾಠವನ್ನು ಬರೆಯುತ್ತಿದ್ದೇವೆ.

ಪ್ರಶ್ನೆ ಸಣ್ಣದಲ್ಲ. ಮಹಾರಾಷ್ಟ್ರ ಔದ್ಯೋಗಿಕ ವಿಕಾಸ ಮಹಾಮಂಡಲವು 1962ರಲ್ಲಿ ಸ್ಥಾಪನೆಯಾದ ಕಾಲದಿಂದ ಇರುವ ಈ ನಮ್ಮ ವಾಗ್ಳೆ ಎಸ್ಟೇಟಿನಲ್ಲಿ ಒಮ್ಮೆ ಲೇತ್ ಯಂತ್ರಗಳ ಸದ್ದಿದ್ದ ಎಷ್ಟೋ ಜಾಗಗಳಲ್ಲಿ ಇಂದು ಗಾಜಿನ ಗೋಡೆಯ ಕಚೇರಿಗಳು ನಿಂತಿವೆ. ಹಾಜರಿ ತುಂಬುವ, ಬಿಲ್ಲು ಬರೆಯುವ, ಲೆಕ್ಕ ಕೂಡುವ ಕೆಲಸಗಳನ್ನು ಗಣಕಯಂತ್ರವು ಒಂದೊಂದಾಗಿ ತೆಗೆದುಕೊಳ್ಳುತ್ತಿದೆ. ಮೂವತ್ತು ದಾಟಿದ, ಮೆಟ್ರಿಕ್ ಮಾತ್ರ ಓದಿದ ಗುಮಾಸ್ತನಿಗೆ ಮುಂದಿನ ದಾರಿ ಯಾವುದು ಎಂಬುದು ನಮ್ಮ ಸ್ವಂತ ಪ್ರಶ್ನೆಯೂ ಹೌದು. ನಾವು ಪಂಡಿತರಲ್ಲ; ಗಿರಣಿಯ ದಫ್ತರದಲ್ಲಿ ಕುಳಿತು ಪಗಾರ ಎಣಿಸುವವರು. ಓದಿನಿಂದ ಸ್ವಲ್ಪ, ತಪ್ಪಿನಿಂದ ಹೆಚ್ಚು ಕಲಿತದ್ದನ್ನು ಮುಂದಿಡುತ್ತೇವೆ.

ಯೋಜನೆ ಎಂದರೇನು?

ದಿನವೂ ಹಾಜರಿ ಪುಸ್ತಕ ತುಂಬುವುದು ಯೋಜನೆಯಲ್ಲ, ಅದಕ್ಕೆ ಕೊನೆಯಿಲ್ಲ. ಹೊಸ ಯಂತ್ರವೊಂದನ್ನು ತರಿಸಿ, ನೆಲೆಗೊಳಿಸಿ, ಓಡಿಸಿ ತೋರಿಸುವುದು ಯೋಜನೆ. ಅದಕ್ಕೆ ಒಂದು ಆರಂಭ, ಒಂದು ಅಂತ್ಯ, ಕೊನೆಗೆ ಕೈಗೆ ಬರುವ ಒಂದು ಫಲ ಇರುತ್ತವೆ. ಈ ಅರ್ಥದಲ್ಲಿ ಮನೆಯಲ್ಲಿ ತಂಗಿಯ ಮದುವೆ ಮಾಡುವುದೂ ಒಂದು ಯೋಜನೆಯೇ. ಮುಹೂರ್ತ ನಿಶ್ಚಯವಾಗಿದೆ, ಕೈಯಲ್ಲಿರುವ ಹಣ ಇಷ್ಟೇ, ಬಂದವರು ಉಂಡು ಸಂತೋಷದಿಂದ ಹೋಗಬೇಕು. ಕಾಲ, ಹಣ, ಕೆಲಸದ ಗುಣ ಈ ಮೂರನ್ನೂ ಒಂದು ಹಗ್ಗದಲ್ಲಿ ಕಟ್ಟಿ ನಡೆಸುವುದೇ ಯೋಜನಾ ನಿರ್ವಹಣೆ. ಒಂದನ್ನು ಎಳೆದರೆ ಉಳಿದೆರಡೂ ಅಲುಗುತ್ತವೆ.

ನಾವು ಬಲ್ಲ ಒಂದು ದೊಡ್ಡ ಯೋಜನೆ

ನಮ್ಮ ವಾಚಕರಲ್ಲಿ ಅನೇಕರು ಠಾಣೆಯಲ್ಲಿ ಮತ್ಸ್ಯಗಂಧ ರೈಲು ಹತ್ತಿ ಊರಿಗೆ ಹೋಗುವವರು. ಆ ರೈಲು ಓಡುವ ಕೊಂಕಣ ರೈಲ್ವೆಯೇ ನಮಗೆ ಉತ್ತಮ ಪಾಠಪುಸ್ತಕ. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫೆರ್ನಾಂಡಿಸರು ರೈಲ್ವೆ ಮಂತ್ರಿಗಳಾಗಿದ್ದ ಕಾಲದಲ್ಲಿ, 1990ರ ಜುಲೈಯಲ್ಲಿ, ಇದಕ್ಕಾಗಿಯೇ ಒಂದು ನಿಗಮ ಸ್ಥಾಪಿತವಾಯಿತು. ಅದರ ಮುಖ್ಯ ಕಚೇರಿ ನಮ್ಮ ನೆರೆಯ ನವಿಮುಂಬಯಿಯ ಬೇಲಾಪುರದಲ್ಲಿದೆ. ಮೊದಲ ಅಧ್ಯಕ್ಷರೂ ವ್ಯವಸ್ಥಾಪಕ ನಿರ್ದೇಶಕರೂ ಆದವರು ಇ. ಶ್ರೀಧರನ್. ನಿಗಮದ ಬಂಡವಾಳದಲ್ಲಿ ರೈಲ್ವೆ ಸಚಿವಾಲಯಕ್ಕೆ ಶೇಕಡಾ 51, ಮಹಾರಾಷ್ಟ್ರಕ್ಕೆ 22, ಕರ್ನಾಟಕಕ್ಕೆ 15, ಗೋವಾ ಮತ್ತು ಕೇರಳಗಳಿಗೆ ತಲಾ 6 ಪಾಲು ಎಂದು ಗೊತ್ತುಮಾಡಲಾಗಿತ್ತು.

ರೋಹಾದಿಂದ ಮಂಗಳೂರಿನ ಬಳಿಯ ತೋಕೂರಿನವರೆಗೆ ಸುಮಾರು 740 ಕಿಲೋಮೀಟರ್ ದಾರಿ. ಒಂದು ಕಡೆ ಸಹ್ಯಾದ್ರಿ, ಇನ್ನೊಂದು ಕಡೆ ಕಡಲು, ನಡುವೆ ಹೊಳೆಗಳು. 91 ಸುರಂಗಗಳನ್ನೂ ಸುಮಾರು 2,000 ಸೇತುವೆಗಳನ್ನೂ ಕಟ್ಟಬೇಕಾಗಿತ್ತು. ರತ್ನಾಗಿರಿಯ ಬಳಿಯ ಕರ್ಬುಡೆ ಸುರಂಗ ಆರೂವರೆ ಕಿಲೋಮೀಟರ್ ಉದ್ದವಿದೆ. ಹೊನ್ನಾವರದಲ್ಲಿ ಶರಾವತಿಯ ಮೇಲಿನ ಸೇತುವೆ ಎರಡು ಕಿಲೋಮೀಟರಿಗೂ ಮಿಕ್ಕಿದೆ. ಇಷ್ಟು ದೊಡ್ಡ ಕೆಲಸವನ್ನು ಒಂದು ತುದಿಯಿಂದ ಆರಂಭಿಸಿ ಇನ್ನೊಂದು ತುದಿಗೆ ಹೋಗುತ್ತೇವೆಂದರೆ ಆಯುಷ್ಯವೇ ಸಾಲದು. ಆದುದರಿಂದ ದಾರಿಯನ್ನು ಮಹಾಡ, ಉತ್ತರ ರತ್ನಾಗಿರಿ, ದಕ್ಷಿಣ ರತ್ನಾಗಿರಿ, ಕುಡಾಳ, ಪಣಜಿ, ಕಾರವಾರ, ಉಡುಪಿ ಎಂದು ಏಳು ವಿಭಾಗ ಮಾಡಿ, ಒಂದೊಂದಕ್ಕೂ ಒಬ್ಬ ಮುಖ್ಯ ಎಂಜಿನಿಯರರನ್ನು ಹೊಣೆ ಮಾಡಿದರು. ಇದು ನಮ್ಮ ಮೊದಲ ಪಾಠ: ಕೆಲಸವನ್ನು ತುಂಡು ಮಾಡು, ಪ್ರತಿ ತುಂಡಿಗೂ ಒಬ್ಬನ ಹೆಸರು ಬರೆ. “ಎಲ್ಲರೂ ನೋಡಿಕೊಳ್ಳುತ್ತಾರೆ” ಎಂದರೆ ಯಾರೂ ನೋಡಿಕೊಳ್ಳುವುದಿಲ್ಲ.

ತೋಕೂರು–ಉಡುಪಿ ಭಾಗ 1993ರಲ್ಲಿಯೇ ತೆರೆಯಿತು. ಆದರೆ ಮುಂಬಯಿಯಿಂದ ಮಂಗಳೂರಿಗೆ ನೇರ ದಾರಿ ತೆರೆದುದು 1998ರ ಜನವರಿಯಲ್ಲಿ. ಏಕೆ ತಡವಾಯಿತು? ಗೋವೆಯಲ್ಲಿ ಮಾರ್ಗದ ವಿಷಯವಾಗಿ ವಿರೋಧ ಎದ್ದು ಅಲ್ಲಿನ ಕೆಲಸ ನಿಂತಿತ್ತು. ಅದಕ್ಕಿಂತಲೂ ಕಾಡಿದ್ದು ಮೆದು ಮಣ್ಣಿನ ಸುರಂಗಗಳು. ಗಟ್ಟಿ ಬಂಡೆಯನ್ನು ಕೊರೆಯಬಹುದು. ನೀರು ಕುಡಿದ ಜೇಡಿಮಣ್ಣು ಅಗೆದಷ್ಟೂ ಕುಸಿಯುತ್ತದೆ. ಗೋವೆಯ ಪೆರ್ನೆಮ್ ಸುರಂಗ ಒಂದೂವರೆ ಕಿಲೋಮೀಟರ್ ಉದ್ದದ್ದು ಮಾತ್ರ. ಆದರೆ ಅದೇ ಕೊನೆಯವರೆಗೆ ಅಡ್ಡ ನಿಂತಿತು. ಅತ್ತ ಇತ್ತ ನೂರಾರು ಕಿಲೋಮೀಟರ್ ಹಳಿ ಸಿದ್ಧವಾಗಿದ್ದರೂ ಆ ಒಂದು ಸುರಂಗ ಮುಗಿಯುವ ತನಕ ನೇರ ರೈಲು ಓಡುವಂತಿರಲಿಲ್ಲ. ಕಾಲ ಹೆಚ್ಚಿತು, ವೆಚ್ಚವೂ ಮೊದಲ ಅಂದಾಜನ್ನು ಮೀರಿತು. ಈ ದಾರಿಗಾಗಿ ಪ್ರಾಣ ತೆತ್ತ ಕಾರ್ಮಿಕರ ಸ್ಮಾರಕ ರತ್ನಾಗಿರಿಯಲ್ಲಿದೆ. ಬೇಗ ಮುಗಿಸುವುದರ ಜೊತೆಗೆ ಕೆಲಸಗಾರನನ್ನು ಕ್ಷೇಮವಾಗಿ ಮನೆಗೆ ಕಳುಹಿಸುವುದೂ ಯೋಜನೆಯ ಲೆಕ್ಕಕ್ಕೆ ಸೇರಿದ್ದೆಂಬುದನ್ನು ನಾವು ಮರೆಯತಕ್ಕದ್ದಲ್ಲ.

ನಿರ್ಣಾಯಕ ದಾರಿ

ಇಂಥ ಒಂದು ಸುರಂಗ ಪ್ರತಿ ಕೆಲಸದಲ್ಲಿಯೂ ಅಡಗಿರುತ್ತದೆ. ಅದನ್ನು ಮೊದಲೇ ಹುಡುಕುವ ಲೆಕ್ಕವನ್ನು 1957ರ ಸುಮಾರಿಗೆ ಅಮೆರಿಕದ ಡುಪಾಂಟ್ ರಾಸಾಯನಿಕ ಕಂಪನಿಯ ವಾಕರ್ ಮತ್ತು ರೆಮಿಂಗ್ಟನ್ ರ‍್ಯಾಂಡ್ ಕಂಪನಿಯ ಕೆಲ್ಲಿ ಎಂಬವರು ಸೇರಿ ರೂಪಿಸಿದರು. ಅದನ್ನು ನಾವು ‘ನಿರ್ಣಾಯಕ ದಾರಿ’ ಎನ್ನೋಣ. ಹೆಸರು ದೊಡ್ಡದಾದರೂ ಲೆಕ್ಕ ಕೂಡುವುದು, ಕಳೆಯುವುದು ಇಷ್ಟೇ. ಇದಕ್ಕೆ ಉದಾಹರಣೆಯಾಗಿ ನಮ್ಮ ವಾಚನಾಲಯದ ಮಾಡಿನ ಕೆಲಸವನ್ನೇ ತೆಗೆದುಕೊಳ್ಳುತ್ತೇವೆ. ಹೇಳಲು ನಾಚಿಕೆಯಾದರೂ ಹೇಳಬೇಕು.

ಕೆಲವು ವರ್ಷಗಳ ಹಿಂದೆ ಮಾಡಿನ ತಗಡುಗಳನ್ನು ಮಳೆಗಾಲಕ್ಕೆ ಮೊದಲು ಬದಲಿಸಬೇಕೆಂದು ಮೇ 5ರಂದು ಆರಂಭಿಸಿದೆವು. ಉಸ್ತುವಾರಿ ನಮ್ಮದೇ. ಮಾಡಬೇಕಾಗಿದ್ದ ಕೆಲಸಗಳು ಇವು:

ಅ) ಅಂದಾಜು ಪತ್ರ ಪಡೆಯುವುದು: 4 ದಿನ.
ಆ) ಸಮಿತಿಯ ಒಪ್ಪಿಗೆ (‘ಅ’ ಮುಗಿದ ಮೇಲೆ): 7 ದಿನ.
ಇ) ಚಂದಾ ಕೂಡಿಸುವುದು (‘ಆ’ ಮುಗಿದ ಮೇಲೆ): 10 ದಿನ.
ಈ) ತಗಡು ತರುವುದು (‘ಇ’ ಮುಗಿದ ಮೇಲೆ): 3 ದಿನ.
ಉ) ಪುಸ್ತಕ ಕಟ್ಟಿ ಬೇರೆ ಕಡೆ ಇಡುವುದು (‘ಆ’ ಮುಗಿದ ಮೇಲೆ): 5 ದಿನ.
ಊ) ಹಳೆಯ ತಗಡು ಇಳಿಸಿ ಹೊಸದು ಹೊದಿಸುವುದು (‘ಈ’, ‘ಉ’ ಎರಡೂ ಮುಗಿದ ಮೇಲೆ): 4 ದಿನ.
ಋ) ಸ್ವಚ್ಛಗೊಳಿಸಿ ಪುಸ್ತಕ ಮರಳಿ ಜೋಡಿಸುವುದು: 2 ದಿನ.

ಒಂದರ ಹಿಂದೆ ಒಂದಾಗಿ ಬರುವ ಅತಿ ಉದ್ದದ ಸಾಲನ್ನು ಹುಡುಕಿರಿ. ಅ, ಆ, ಇ, ಈ, ಊ, ಋ: 4+7+10+3+4+2, ಒಟ್ಟು 30 ದಿನ. ಇದೇ ನಿರ್ಣಾಯಕ ದಾರಿ. ಇದರಲ್ಲಿ ಒಂದು ದಿನ ತಪ್ಪಿದರೆ ಇಡೀ ಕೆಲಸ ಒಂದು ದಿನ ಹಿಂದೆ ಬೀಳುತ್ತದೆ. ಈಗ ‘ಉ’ ನೋಡಿರಿ. 11ನೆಯ ದಿನಕ್ಕೆ ಒಪ್ಪಿಗೆ ಸಿಗುತ್ತದೆ, 24ನೆಯ ದಿನಕ್ಕೆ ತಗಡು ಬರುತ್ತದೆ. ನಡುವೆ 13 ದಿನ ಇವೆ. ಕೆಲಸ 5 ದಿನದ್ದು. ಆದುದರಿಂದ 8 ದಿನ ಬಿಡುವು. ಎಲ್ಲವೂ ಸರಿ ಹೋಗಿದ್ದರೆ ಜೂನ್ 3ಕ್ಕೆ ಮುಗಿಯಬೇಕಾಗಿತ್ತು.

ಆದರೆ ಈ ಪಟ್ಟಿಯನ್ನು ನಾವು ಬರೆದದ್ದು ಅನಾಹುತವಾದ ಮೇಲೆ! ಆಗ ಎಲ್ಲವೂ ತಲೆಯಲ್ಲಿಯೇ ಇತ್ತು. ಚಂದಾ ಕೇಳಲು ಸಂಕೋಚಪಟ್ಟು ಹತ್ತು ದಿನದ ಕೆಲಸಕ್ಕೆ ಹದಿನೆಂಟು ದಿನ ಹಿಡಿಸಿದೆವು. ಪುಸ್ತಕ ಸಾಗಿಸುವುದಕ್ಕೆ ಬಿಡುವಿದೆಯಲ್ಲ ಎಂದು ಮುಂದಕ್ಕೆ ದೂಡುತ್ತ ಬಂದು ಕೊನೆಗೆ ಸಾಗಿಸಲೇ ಇಲ್ಲ. ಜೂನ್ 6ರಂದು ಮಾಡಿನ ಕೆಲಸದವರು ಬಂದಾಗ ಕಪಾಟುಗಳ ಮೇಲೆ ಪ್ಲಾಸ್ಟಿಕ್ ಹೊದಿಸಿ, “ನಡೆಸಿರಿ” ಎಂದೆವು. ಮರುದಿನ ರಾತ್ರಿ ಗಾಳಿಯೊಡನೆ ಮಳೆ ಬಂತು. ಅರ್ಧ ಮಾಡು ತೆರೆದಿತ್ತು. ಬೆಳಿಗ್ಗೆ ಬಾಗಿಲು ತೆಗೆದಾಗ ಎರಡು ಕಪಾಟಿನ ಪುಸ್ತಕಗಳು ನೆನೆದು ಉಬ್ಬಿ ಒಂದಕ್ಕೊಂದು ಅಂಟಿಕೊಂಡಿದ್ದವು. ಅವು ವಿಜಾಪುರ ಸೀಮೆಯಿಂದ ಬಂದು, ಗಿರಣಿಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ಪಗಾರದಲ್ಲಿ ಉಳಿಸಿ ಕೊಂಡು ನಮಗೆ ದಾನವಾಗಿ ಕೊಟ್ಟ ಪುಸ್ತಕಗಳು.

ಅವರ ಮುಂದೆ ನಿಂತು ತಪ್ಪೊಪ್ಪಿಕೊಂಡಾಗ ಅವರು ಬೈಯಲಿಲ್ಲ. “ತಮ್ಮಾ, ಪುಸ್ತಕ ಹೋದದ್ದಕ್ಕಷ್ಟೇ ಅಲ್ಲ ನನಗ ಸಂಕಟ. ಎಂಟು ದಿವಸ ಮೊದಲ ಹೇಳಿದ್ದರ ನನ್ನ ಖೋಲ್ಯಾಗ ಇಟ್ಕೋತಿದ್ದೆ. ಯಾರೂ ಹೇಳಲಿಲ್ಲ ನೋಡು” ಎಂದರು. ಆ ಮಾತು ಇಂದಿಗೂ ನಮ್ಮ ಕಿವಿಯಲ್ಲಿದೆ. ಕೆಲಸ ತಡವಾಗುವುದು ಅಪರಾಧವಲ್ಲ. ಕೊಂಕಣ ರೈಲ್ವೆಯೂ ತಡವಾಯಿತು. ತಡವಾಗುತ್ತಿದೆಯೆಂದು ತಿಳಿದೂ ಮುಚ್ಚಿಡುವುದು ಅಪರಾಧ. ಮೊದಲೇ ಹೇಳಿದರೆ ಕೈ ಜೋಡಿಸುವವರು ಸಿಗುತ್ತಾರೆ. ಕಡೆಗೆ ಹೇಳಿದರೆ ಮರುಗುವವರು ಮಾತ್ರ ಸಿಗುತ್ತಾರೆ.

ಇಂದಿನಿಂದಲೇ ಬೆಳೆಸಬೇಕಾದ ರೂಢಿಗಳು

ಒಂದನೆಯದು, ಬರೆದಿಡುವುದು. ನಾಲ್ಕು ಕಲಮುಗಳು ಸಾಕು: ಕೆಲಸ, ಯಾರ ಹೊಣೆ, ಯಾವ ದಿನಕ್ಕೆ, ಈಗಿನ ಸ್ಥಿತಿ. ರಿಜಿಸ್ಟರ್ ಇಡುವುದು ಗುಮಾಸ್ತನಿಗೆ ಹುಟ್ಟುಗುಣ. ಅದೇ ಪಟ್ಟಿಯನ್ನು ಗಣಕಯಂತ್ರದ ಎಕ್ಸೆಲ್‌ನಲ್ಲಿ ಮಾಡಲು ಕಲಿಯಿರಿ.

ಎರಡನೆಯದು, ಮಾಡುವವನನ್ನೇ ಕೇಳಿ ಅಂದಾಜು ಮಾಡುವುದು. ಫಿಟ್ಟರನ ಕೆಲಸಕ್ಕೆ ಎಷ್ಟು ದಿನ ಬೇಕೆಂಬುದು ಸಾಹೇಬರಿಗಿಂತ ಫಿಟ್ಟರನಿಗೆ ಚೆನ್ನಾಗಿ ಗೊತ್ತು.

ಮೂರನೆಯದು, ಉಳಿದ ದಿನಗಳನ್ನು ಕಣ್ಣ ಮುಂದೆ ಇಡುವುದು. ಶ್ರೀಧರನ್ನರು ಮುಂದೆ ದಿಲ್ಲಿಯ ಮೆಟ್ರೋ ಕಟ್ಟಿಸಿದಾಗ, ಇನ್ನೆಷ್ಟು ದಿನ ಉಳಿದಿವೆ ಎಂದು ಹಿಮ್ಮುಖವಾಗಿ ಎಣಿಸುವ ಗಡಿಯಾರಗಳನ್ನು ಕೆಲಸದ ಸ್ಥಳಗಳಲ್ಲಿ ಇರಿಸಿದ್ದರು. ನಮಗೆ ಗೋಡೆಯ ಪಂಚಾಂಗವೇ ಸಾಕು.

ನಾಲ್ಕನೆಯದು, ವಾರಕ್ಕೊಮ್ಮೆ ಒಂದು ಪುಟದ ವರದಿ. ಏನು ಮುಗಿಯಿತು, ಏನು ಉಳಿಯಿತು, ಯಾವುದು ತಡವಾಗಬಹುದು, ಯಾರ ಸಹಾಯ ಬೇಕು. ಇದನ್ನು ಇಂಗ್ಲಿಷಿನಲ್ಲಿ ಸರಳವಾಗಿ ಬರೆಯಲೂ ಮರಾಠಿ, ಹಿಂದಿಗಳಲ್ಲಿ ಹೇಳಲೂ ಅಭ್ಯಾಸ ಮಾಡಿರಿ. ಕನ್ನಡ, ತುಳು, ಮರಾಠಿ, ಹಿಂದಿ ಎಂದು ನಾಲ್ಕು ಮಾತು ಬಲ್ಲವನು ಮುಕಾದಮನಿಗೂ ಸಾಹೇಬನಿಗೂ ನಡುವೆ ಸೇತುವೆಯಾಗಬಲ್ಲ. ನಾವು ಪರವೂರಿಗೆ ಬಂದು ಗಳಿಸಿದ ಈ ಆಸ್ತಿಯನ್ನು ಕಡಿಮೆ ಎಣಿಸಬಾರದು.

ಉದ್ಯೋಗದ ದಾರಿ

ಮೊದಲ ದಿನವೇ ಯಾರೂ ಮ್ಯಾನೇಜರ್ ಮಾಡುವುದಿಲ್ಲ. ಸ್ಟೋರ್ಸ್ ಗುಮಾಸ್ತ, ಟೈಮ್‌ಕೀಪರ್, ರವಾನೆ ಗುಮಾಸ್ತ ಇವರೆಲ್ಲ ಯೋಜನೆಯ ಬಾಗಿಲಲ್ಲಿಯೇ ನಿಂತಿರುವವರು. ಮುಂದಿನ ಮೆಟ್ಟಿಲು ಪ್ಲಾನಿಂಗ್ ಸಹಾಯಕ, ಸೈಟ್ ಮೇಲ್ವಿಚಾರಕ, ಯೋಜನಾ ಸಂಯೋಜಕ. ನಿಮ್ಮ ಕಾರಖಾನೆಯಲ್ಲಿ ಯಂತ್ರ ಸ್ಥಳಾಂತರ, ಗೋದಾಮಿನ ಮರುಜೋಡಣೆ, ವಾರ್ಷಿಕ ದುರಸ್ತಿ ಯಾವುದಾದರೂ ಬಂದರೆ, ಅದರ ಪಟ್ಟಿ ಇಡುವ ಕೆಲಸವನ್ನು ಕೇಳಿ ಪಡೆಯಿರಿ. ಆದದ್ದನ್ನು ದಿನಾಂಕ ಸಹಿತ ಬರೆದಿಟ್ಟುಕೊಳ್ಳಿರಿ. ಮುಂದೆ ಅನುಭವಕ್ಕೆ ಆಧಾರ ಅದೇ.

ಪರೀಕ್ಷೆಗಳ ವಿಷಯ. ಮೆಟ್ರಿಕ್‌ಗೆ ನಿಂತವರು ಮೊದಲು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ 12ನೆಯ ತರಗತಿ ಮುಗಿಸುವುದು ಲೇಸು. ಅನಂತರ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದಂಥಲ್ಲಿ ನೌಕರಿ ಮಾಡುತ್ತಲೇ ಪದವಿ ಪಡೆಯಬಹುದು. ಅಮೆರಿಕದಲ್ಲಿ 1969ರಲ್ಲಿ ಸ್ಥಾಪನೆಯಾದ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್ ಎರಡು ಹೆಸರಾದ ಪರೀಕ್ಷೆಗಳನ್ನು ನಡೆಸುತ್ತದೆ. ಸಿ.ಎ.ಪಿ.ಎಂ. ಹೊಸಬರಿಗೆ, ಅದಕ್ಕೆ ಪದವಿ ಬೇಡ, ಪ್ರೌಢಶಿಕ್ಷಣದ ಜೊತೆಗೆ 23 ತಾಸುಗಳ ಪಾಠ ಬೇಕು. ಪಿ.ಎಂ.ಪಿ. ಅನುಭವಿಗಳಿಗೆ; ಪದವಿ ಇಲ್ಲದವರು ಯೋಜನೆ ನಡೆಸಿದ ಐದು ವರ್ಷಗಳ ಅನುಭವವನ್ನೂ 35 ತಾಸುಗಳ ಪಾಠವನ್ನೂ ತೋರಿಸಬೇಕು. ಶುಲ್ಕ ನಮ್ಮಂಥವರಿಗೆ ಭಾರವೇ. ಆದುದರಿಂದ ಸಾಲ ಮಾಡಿ ಓಡಬೇಡಿರಿ. ಮೊದಲು ಸರಕಾರದ ‘ಸ್ವಯಂ’ ಜಾಲದಲ್ಲಿ ಉಚಿತವಾಗಿ ಸಿಗುವ ಪಾಠಗಳನ್ನು ಕೇಳಿರಿ. ಅರ್ಜಿ ಹಾಕುವ ಮುನ್ನ ಆ ವರ್ಷದ ನಿಯಮಗಳನ್ನು ಸಂಸ್ಥೆಯಿಂದಲೇ ತಿಳಿದುಕೊಳ್ಳಿರಿ. “ಪ್ರಮಾಣಪತ್ರ ಕೊಂಡರೆ ನೌಕರಿ ಖಾತ್ರಿ” ಎನ್ನುವವರ ಬಾಗಿಲಿಗೆ ಹೋಗಲೇಬೇಡಿರಿ.

ಅಭ್ಯಾಸ

ಬರುವ ಭಾನುವಾರದೊಳಗೆ ನಿಮ್ಮ ಮನೆಯ ಅಥವಾ ಖಾತೆಯ ಒಂದು ಕೆಲಸವನ್ನು ಆರಿಸಿ, ಮೇಲಿನಂತೆ ಏಳೆಂಟು ತುಂಡು ಮಾಡಿ, ನಿರ್ಣಾಯಕ ದಾರಿ ಯಾವುದು, ಬಿಡುವು ಎಲ್ಲಿದೆ ಎಂದು ಬರೆದು ತನ್ನಿರಿ. ವಾಚನಾಲಯದಲ್ಲಿ ಕುಳಿತು ಜೊತೆಯಾಗಿ ತಿದ್ದೋಣ. ಜಾಹೀರಾತು ತೋರಿಸಿದ ತರುಣ ಬಂಧುಗಳೂ ಬರಬೇಕೆಂದು ವಿಶೇಷವಾಗಿ ಕೋರುತ್ತೇವೆ. ಈ ವಿದ್ಯೆ ನಮ್ಮಂಥವರಿಗೂ ಉಂಟು.

ಆ ಎರಡು ಕಪಾಟುಗಳಲ್ಲಿ ಒಂದು ಈಗ ಮತ್ತೆ ತುಂಬಿದೆ. ಮೊದಲ ಹತ್ತು ಪುಸ್ತಕ ತಂದವರು ಆ ಹಿರಿಯರೇ. ಇನ್ನೊಂದು ಅರ್ಧ ಖಾಲಿಯಿದೆ. ಅದನ್ನು ತುಂಬುವ ಕೆಲಸದ ಪಟ್ಟಿಯನ್ನು ಈ ಸಲ ಮೊದಲೇ ಬರೆದು ಬಾಗಿಲ ಬಳಿ ತೂಗುಹಾಕಿದ್ದೇವೆ. ಹೊಣೆಯ ಕಲಮಿನಲ್ಲಿ ನಮ್ಮ ಹೆಸರಿನ ಕೆಳಗೆ ಜಾಗವಿದೆ.