ಗಿಡದ ನೆರಳು, ಗಾಳಿಯ ದಾರಿ: ನಮ್ಮ ಓಣಿ ತಂಪಾಗಿಡುವುದು ಹೇಗೆ?



ಯುಗಾದಿ ಮುಗಿದು ಏಪ್ರಿಲ್ ಬಂತೆಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಮಧ್ಯಾಹ್ನ ಹೊರಗೆ ಕಾಲಿಡಲು ಆಗುವುದಿಲ್ಲ. ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವ ದಿನಗಳು ಬಹಳ. ಪತ್ರಾಸಿನ ಮನೆಯಲ್ಲಿ ಇರುವವರಿಗಂತೂ ಹೊರಗ ಬಿಸಲು, ಒಳಗ ಒಲಿ. ಬಾಣಂತಿ, ಕೂಸು, ವಯಸ್ಸಾದವರು ಆ ಹೊತ್ತಿನಲ್ಲಿ ಎಲ್ಲಿಗೆ ಹೋಗಬೇಕು?

ಹಿಂದಿನವರು ದಪ್ಪ ಗೋಡೆ ಕಟ್ಟಿ, ಮೇಲೆ ಮಣ್ಣಿನ ಮಾಳಿಗೆ ಹಾಕುತ್ತಿದ್ದರು. ಮನೆ ಮುಂದೆ ಒಂದು ಬೇವಿನ ಗಿಡ ಇರುತ್ತಿತ್ತು. ಈಗ ಪಟ್ಟಣದ ಹೊಸ ಬಡಾವಣೆಗಳಲ್ಲಿ ತೆಳು ಗೋಡೆ, ತಗಡು ಅಥವಾ ಆರ್‌ಸಿಸಿ ಚಾವಣಿ, ಮುಂದೆ ಕಾಂಕ್ರೀಟ್ ರಸ್ತೆ. ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟು ಪುನರ್ವಸತಿ ಕೇಂದ್ರಕ್ಕೆ ಬಂದವರಿಗೆ ಇದು ಇನ್ನೂ ಚೆನ್ನಾಗಿ ಗೊತ್ತು. ಮನೆಯ ಬಾಗಿಲು, ತೊಲೆ ಕಿತ್ತು ತರಬಹುದು. ಕಟ್ಟೆಯ ಮೇಲಿನ ಗಿಡ ತರಲು ಬರುವುದಿಲ್ಲ. ಅದನ್ನು ಹೊಸದಾಗಿಯೇ ಬೆಳೆಸಬೇಕು.

ಎಲ್ಲಿ, ಯಾವ ಗಿಡ, ಹೇಗೆ ಬೆಳೆಸಿದರೆ ಮನೆ ತಂಪಾಗುತ್ತದೆ ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ.

ಧಗೆಯಲ್ಲಿ ಎರಡು ತರಹ

ನಮ್ಮ ತಾಲೂಕುಗಳಿಂದ ಬಹಳ ಜನ ಗೋವಾ, ಮಂಗಳೂರು ಕಡೆ ದುಡಿಯಲು ಹೋಗಿ ತಗಡಿನ ಶೆಡ್ಡಿನಲ್ಲಿ ಇರುತ್ತಾರೆ. ಮೇ ತಿಂಗಳಲ್ಲಿ ಅಲ್ಲಿಯ ಉಷ್ಣಾಂಶ 33-34 ಡಿಗ್ರಿ, ನಮ್ಮದಕ್ಕಿಂತ ಕಡಿಮೆಯೇ. ಆದರೂ ಅಲ್ಲಿ ಜೀವ ಬಳಲುತ್ತದೆ. ಯಾಕೆ?

ನಮ್ಮ ಮೈ ತಂಪಾಗುವುದು ಬೆವರು ಬಂದಾಗ ಅಲ್ಲ, ಬೆವರು ಆರಿದಾಗ. ನಮ್ಮ ಕಡೆ ಬೇಸಿಗೆಯ ಗಾಳಿ ಒಣಗಿರುವುದರಿಂದ ಬೆವರು ಬೇಗ ಆರುತ್ತದೆ. ಸಮುದ್ರದ ಕಡೆ ಗಾಳಿಯಲ್ಲಿ ಮೊದಲೇ ತೇವ ತುಂಬಿರುತ್ತದೆ. ಬೆವರು ಆರುವುದಿಲ್ಲ, ಮೈಗೆ ಅಂಟಿಕೊಂಡೇ ಇರುತ್ತದೆ. ನಮ್ಮಲ್ಲೂ ಜೂನ್ ನಂತರ, ಮೋಡ ಕವಿದು ಮಳೆ ಬಾರದ ದಿನಗಳಲ್ಲಿ ಇದೇ ತರಹದ ಕುದಿ ಇರುತ್ತದೆ. ಅಂದರೆ ವರ್ಷದಲ್ಲಿ ಮೂರು ತಿಂಗಳು ಒಣ ಧಗೆ, ಆಮೇಲೆ ತೇವದ ಧಗೆ. ನಮ್ಮ ಗಿಡ ಎರಡಕ್ಕೂ ಉಪಯೋಗಕ್ಕೆ ಬರಬೇಕು.

ಗಿಡ ಮಾಡುವ ಎರಡು ಕೆಲಸ

1. ನೆರಳು: ಗೋಡೆ, ಚಾವಣಿ, ರಸ್ತೆ ಹಗಲೆಲ್ಲ ಬಿಸಲು ಕುಡಿಯುತ್ತವೆ, ರಾತ್ರಿ ಅದನ್ನು ನಮ್ಮ ಮೇಲೆ ಬಿಡುತ್ತವೆ. ನೆರಳು ಈ ಕಾವನ್ನು ಬರುವ ಮೊದಲೇ ತಡೆಯುತ್ತದೆ. ಬೆಂಗಳೂರಿನ ರಸ್ತೆಗಳಲ್ಲಿ ಹರಿಣಿ ನಾಗೇಂದ್ರ ಮತ್ತು ಸಂಗಡಿಗರು ಅಳತೆ ಮಾಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ಮರಗಳಿಲ್ಲದ ರಸ್ತೆಗಿಂತ ಮರಗಳಿರುವ ರಸ್ತೆಯಲ್ಲಿ ಮಧ್ಯಾಹ್ನದ ಗಾಳಿ 5.6 ಡಿಗ್ರಿಯವರೆಗೂ, ಡಾಂಬರಿನ ಮೇಲ್ಮೈ 27.5 ಡಿಗ್ರಿಯವರೆಗೂ ತಂಪಾಗಿತ್ತು. ಬರಿಗಾಲಲ್ಲಿ ನಡೆಯುವವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ.

2. ಎಲೆಯ ಆವಿ: ಗಿಡ ಬೇರಿನಿಂದ ನೀರು ಎಳೆದು ಎಲೆಯಿಂದ ಆವಿಯಾಗಿ ಬಿಡುತ್ತದೆ. ಒಂದು ಲೀಟರ್ ನೀರನ್ನು ಒಲೆಯ ಮೇಲಿಟ್ಟು ಕುದಿಯುವ ಮಟ್ಟಕ್ಕೆ ತರಲು ಸುಮಾರು 75 ಕಿಲೊ ಕ್ಯಾಲೊರಿ ಶಾಖ ಸಾಕು. ಅದೇ ನೀರು ಎಲೆಯಿಂದ ಆವಿಯಾಗಲು ಸುಮಾರು 580 ಕಿಲೊ ಕ್ಯಾಲೊರಿ ಬೇಕು, ಅಂದರೆ ಏಳು ಪಟ್ಟಿಗೂ ಹೆಚ್ಚು. ಇಷ್ಟು ಶಾಖವನ್ನು ಗಿಡ ತನ್ನ ಎಲೆಗಳಿಂದ, ಸುತ್ತಲಿನ ಗಾಳಿಯಿಂದ ತೆಗೆದುಕೊಳ್ಳುತ್ತದೆ. ಮಣ್ಣಿನ ಗಡಗಿಯ ನೀರು ತಂಪಾಗುವುದೂ ಹೀಗೆಯೇ.

ಆದರೆ ಒಂದು ಮಾತು. ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ಗಡಗಿಯ ನೀರು ಅಷ್ಟು ತಂಪಾಗುವುದಿಲ್ಲ. ಎಲೆಯ ಕಥೆಯೂ ಅಷ್ಟೇ. ನಮ್ಮ ಒಣ ಬೇಸಿಗೆಯಲ್ಲಿ ನೆಲದಲ್ಲಿ ನೀರಿಲ್ಲದಿದ್ದರೆ ಗಿಡ ತನ್ನ ಎಲೆಯ ರಂಧ್ರ ಮುಚ್ಚಿಕೊಳ್ಳುತ್ತದೆ, ಆಗಲೂ ಆವಿ ಕಡಿಮೆ. ಆದ್ದರಿಂದ ಎರಡೂ ಕಾಲಕ್ಕೆ ಕೈಬಿಡದೆ ನಿಲ್ಲುವುದು ನೆರಳು. ತೇವದ ಧಗೆಯಲ್ಲಿ ನೆರಳಿನ ಜೊತೆ ಗಾಳಿಯೂ ಆಡಬೇಕು. ಮನೆ ಸುತ್ತ ಒತ್ತಾಗಿ ಪೊದೆ, ಬೇಲಿ ಬೆಳೆಸಿ ಗಾಳಿ ಕಟ್ಟಿದರೆ ಹಸಿರು ಇದ್ದೂ ಕುದಿ ಹೆಚ್ಚಾಗುತ್ತದೆ. ಈ ತಪ್ಪು ಬಹಳ ಕಡೆ ಆಗುತ್ತಿದೆ.

ಎಲ್ಲಿ ಹಚ್ಚಬೇಕು?

ಮಧ್ಯಾಹ್ನ ಮೂರರ ನಂತರದ ಬಿಸಲು ಪಡುವಣ ಗೋಡೆಗೆ ನೇರವಾಗಿ ಬಡಿಯುತ್ತದೆ. ಅದಕ್ಕೆ ಮೊದಲ ಗಿಡ ಪಡುವಣ ದಿಕ್ಕಿಗೆ. ಆದರೆ ಮಳೆಗಾಲದ ಗಾಳಿಯೂ ನಮಗೆ ಪಡುವಣ, ನೈರುತ್ಯದಿಂದಲೇ ಬರುತ್ತದೆ. ಬಿಸಲು ತಡೆಯಬೇಕು, ಗಾಳಿ ಬಿಡಬೇಕು. ಹೆಂಗ ಮಾಡೂದು? ಉದ್ದ ಕಾಂಡದ ಗಿಡ ಆರಿಸಿ, ಬೆಳೆದಂತೆ ಕೆಳಗಿನ ಕೊಂಬೆ ಸವರಿ, ಏಳೆಂಟು ಅಡಿಯವರೆಗೆ ಖಾಲಿ ಬಿಡಿ. ಮೇಲೆ ನೆರಳು, ಕೆಳಗೆ ಗಾಳಿಯ ದಾರಿ.

ಮೇ ತಿಂಗಳ ಮೊದಲ ವಾರದ ಹೊತ್ತಿಗೆ ಮಧ್ಯಾಹ್ನ ಸೂರ್ಯ ನಮ್ಮ ನೆತ್ತಿಯ ಮೇಲೇ ಇರುತ್ತಾನೆ. ಆಗ ಕಾಯುವುದು ಗೋಡೆಯಲ್ಲ, ಚಾವಣಿ. ಪತ್ರಾಸಿನ ಮೇಲೆ ಒಂದೆರಡು ಅಡಿ ಅಂತರ ಬಿಟ್ಟು ಚಪ್ಪರ ಕಟ್ಟಿ ಹೀರೆ, ತೊಂಡೆ ಬಳ್ಳಿ ಹಬ್ಬಿಸಿ. ಗಿಡ ದೊಡ್ಡದಾಗಲು ವರ್ಷಗಳು ಬೇಕು. ಬಳ್ಳಿ ಕೆಲವೇ ತಿಂಗಳಲ್ಲಿ ನೆರಳು ಕೊಡುತ್ತದೆ, ಪಲ್ಯಕ್ಕೂ ಆಗುತ್ತದೆ. ಬಳ್ಳಿಯನ್ನು ತಗಡಿಗೆ ಅಂಟಿಸಬೇಡಿ. ನಡುವೆ ಗಾಳಿ ಆಡಲಿ.

ಯಾವ ಗಿಡ?

- ಮನೆಯ ಹತ್ತಿರ: ಬೇವು, ಹೊಂಗೆ. ಗೋಡೆಯಿಂದ 12-15 ಅಡಿ ದೂರ ಇರಲಿ. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಬೇರು ಹತ್ತಿರವಿದ್ದರೆ ತಳಪಾಯಕ್ಕೆ ತೊಂದರೆ. ಸ್ವಲ್ಪ ಸವಳು ನೆಲವಿದ್ದರೆ ಹೊಂಗೆ ತಡೆದುಕೊಳ್ಳುತ್ತದೆ.
- ಶಾಲೆ, ಬಸ್ ನಿಲ್ದಾಣ, ಸಂತೆ ಬಯಲು: ಆಲ, ಅರಳಿ, ಬಸರಿ, ಹುಣಸೆ. ಇವಕ್ಕೆ ದೊಡ್ಡ ಜಾಗ ಬೇಕು.
- ಹಿತ್ತಲು ಚಿಕ್ಕದಿದ್ದರೆ: ನುಗ್ಗೆ, ಲಿಂಬೆ. ಇಂಡಿಯ ಲಿಂಬೆಯ ಹೆಸರು ಎಲ್ಲರಿಗೂ ಗೊತ್ತೇ ಇದೆ.
- ಬೇಡ: ಬೇಗ ಹಸಿರಾಗುತ್ತದೆ ಅಂತ ಕೊನೊಕಾರ್ಪಸ್ ಹಚ್ಚಬೇಡಿ. ಗುಜರಾತ್ ಸರಕಾರ 2023ರಲ್ಲಿ ಇದನ್ನು ನೆಡುವುದನ್ನೇ ನಿಷೇಧಿಸಿತು.

ಹಚ್ಚಿದರಷ್ಟೇ ಸಾಲದು

ಅರಣ್ಯ ಪ್ರದೇಶ ಅತಿ ಕಡಿಮೆ ಇರುವ ಜಿಲ್ಲೆ ನಮ್ಮದು. ಎಂ.ಬಿ. ಪಾಟೀಲರು ಜಲಸಂಪನ್ಮೂಲ ಸಚಿವರಾಗಿದ್ದಾಗ ಆರಂಭವಾದ ಕೋಟಿ ವೃಕ್ಷ ಅಭಿಯಾನ ಜಿಲ್ಲೆಯ ಜನರಲ್ಲಿ ಉತ್ಸಾಹ ತಂದಿತು. ಆದರೆ ಎಣಿಸಬೇಕಾದದ್ದು ಹಚ್ಚಿದ ಸಸಿ ಅಲ್ಲ, ಉಳಿದ ಗಿಡ. ನಾವೂ ಜೂನ್ 5ರಂದು ಸಸಿ ಹಚ್ಚಿ ಫೋಟೊ ತೆಗೆಸಿಕೊಂಡಿದ್ದೇವೆ. ಮಾರ್ಚ್‌ದಾಗ ಹೋಗಿ ನೋಡಿದರೆ ಕಟ್ಟಿದ ಕೋಲು ಮಾತ್ರ ನಿಂತಿತ್ತು. ಅದರಿಂದ ಕಲಿತದ್ದು ಇಷ್ಟು:

- ಎರಡು ಅಡಿ ಉದ್ದ, ಅಗಲ, ಆಳದ ಗುಂಡಿಯನ್ನು ಮೇ ತಿಂಗಳಲ್ಲೇ ತೋಡಿ ಬಿಸಲಿಗೆ ಬಿಡಿ. ಎರಡು ಒಳ್ಳೆ ಮಳೆ ಬಿದ್ದ ಮೇಲೆ, ತಿಪ್ಪೆಗೊಬ್ಬರ ಬೆರೆಸಿ ಸಸಿ ಹಚ್ಚಿ.
- ಆಡು, ದನ ಮುಟ್ಟದಂತೆ ಜಾಲಿ ಮುಳ್ಳು ಕಟ್ಟಿ.
- ಬುಡದ ಹತ್ತಿರ ಸುಟ್ಟ, ಬಣ್ಣ ಬಳಿಯದ ಹಳೆ ಮಣ್ಣಿನ ಗಡಗಿ ಹೂಳಿ, ನೀರು ತುಂಬಿ ಬಾಯಿ ಮುಚ್ಚಿ. ನೀರು ಜಿನುಗುತ್ತ ಬೇರಿಗೆ ಹೋಗುತ್ತದೆ.
- ಬುಡಕ್ಕೆ ಒಣ ಎಲೆ, ತೊಗರಿ ಹೊಟ್ಟು ಹೊದಿಸಿ. ಪಾತ್ರೆ ತೊಳೆದ ನೀರನ್ನು ಚರಂಡಿಗೆ ಬಿಡದೆ ಗಿಡಕ್ಕೆ ತಿರುಗಿಸಿ.
- ಮೂರು ಬೇಸಿಗೆ ಕಾಯಿರಿ. ಆಮೇಲೆ ಬೇವು ತನ್ನ ಪಾಡಿಗೆ ತಾನು ಬದುಕುತ್ತದೆ.

ಸಂಘದ ಸಭೆಯಲ್ಲಿ ಚರ್ಚಿಸಿ

1. ನಮ್ಮ ಓಣಿಯಲ್ಲಿ ಮಧ್ಯಾಹ್ನ ಮೂರು ಗಂಟೆಗೆ ನೆರಳು ಇರುವ ಜಾಗ ಎಷ್ಟು? ಎಲ್ಲರೂ ಕೂಡಿ ನಡೆದು ಎಣಿಸಿ.
2. ಓಣಿಯಲ್ಲಿ ಹೆಚ್ಚು ಕಾಯುವ ಮನೆ ಯಾರದು? ಅಲ್ಲಿ ಕೂಸು, ಮುದುಕರು ಇದ್ದಾರೆಯೇ? ಮೊದಲ ಗಿಡ ಆ ಮನೆಯ ಪಡುವಣಕ್ಕೆ ಇರಲಿ.
3. ಕಳೆದ ಮಳೆಗಾಲದಲ್ಲಿ ಹಚ್ಚಿದ ಸಸಿಗಳಲ್ಲಿ ಎಷ್ಟು ಉಳಿದಿವೆ? ಉಳಿಯದಿದ್ದರೆ ಕಾರಣ ಏನು?
4. ಒಂದು ಗಿಡಕ್ಕೆ ನೀರು ಹಾಕುವ ಜವಾಬ್ದಾರಿ ಯಾವ ಎರಡು ಮನೆಯವರದು? ಒಂದು ಮನೆಯವರು ದುಡಿಯಲು ಪರಊರಿಗೆ ಹೋದರೆ ಇನ್ನೊಂದು ಮನೆಯವರು ನೋಡಿಕೊಳ್ಳಲಿ. ಹೆಸರನ್ನು ಸಂಘದ ಪುಸ್ತಕದಲ್ಲಿ ಬರೆದಿಡಿ.

ಫ್ಯಾನು ಕರೆಂಟ್ ಇದ್ದಾಗ ಮಾತ್ರ ತಿರುಗುತ್ತದೆ, ಅದೂ ಒಂದೇ ಮನೆಗೆ. ಬೀದಿಯ ಬೇವಿನ ನೆರಳು ದಾರಿಹೋಕರಿಗೂ, ಕಾಯಿಪಲ್ಯ ಮಾರುವವರಿಗೂ, ಶಾಲೆ ಬಿಟ್ಟು ಬರುವ ಮಕ್ಕಳಿಗೂ ಸಿಗುತ್ತದೆ. ಈ ಮಳೆಗಾಲಕ್ಕೆ ಹತ್ತು ಗಿಡ ಬೇಡ. ಒಂದು ಓಣಿಗೆ ಎರಡೇ ಹಚ್ಚೋಣ, ಎರಡನ್ನೂ ಉಳಿಸೋಣ.