ಕೆಟ್ಟ ಯೋಚನೆಗೊಂದು ಬಾಲ ಕಟ್ಟಿ

ದೀಪ ಆರಿಸಿದ ಮೇಲೆಯೇ ಎಷ್ಟೋ ಮಕ್ಕಳ ಬಾಯಿ ಬಿಚ್ಚುವುದು. ‘ಅಮ್ಮಾ, ನಾನು ದಡ್ಡಿ. ನಂಗೆ ಗಣಿತ ಬರೋದೇ ಇಲ್ಲ. ಯಾರೂ ನನ್ ಜೊತೆ ಆಡಲ್ಲ.’ ಕೇಳಿದ ಕೂಡಲೇ ನಾವು ಹೇಳುವುದು ಒಂದೇ: ‘ಹಾಗೆಲ್ಲ ಯೋಚನೆ ಮಾಡಬಾರದು ಪುಟ್ಟಿ, ಮಲಗು.’ ಪ್ರೀತಿಯಿಂದಲೇ ಹೇಳುತ್ತೇವೆ. ಆದರೆ ಆ ಮಾತಿನಿಂದ ಯೋಚನೆ ಹೋಗುವುದಿಲ್ಲ.

ಮದ್ದು ಕುಡಿಯುವಾಗ ಮಂಗನನ್ನು ನೆನೆಯಬೇಡ ಎಂದರೆ ಮಂಗನೇ ನೆನಪಾಗುತ್ತದೆ. ಅಮೆರಿಕದ ಮನೋವಿಜ್ಞಾನಿ ಡೇನಿಯಲ್ ವೆಗ್ನರ್ 1987ರಲ್ಲಿ ಇದನ್ನೇ ಪ್ರಯೋಗ ಮಾಡಿ ನೋಡಿದರು. ಕೆಲವರಿಗೆ ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಎಂದರು. ಗಂಟೆ ಮತ್ತೆ ಮತ್ತೆ ಮೊಳಗಿತು. ಆಮೇಲೆ ‘ಈಗ ನೆನೆಯಬಹುದು’ ಎಂದಾಗ, ಮೊದಲಿಂದಲೂ ನೆನೆಯಲು ಬಿಟ್ಟವರಿಗಿಂತ ಇವರಿಗೇ ಕರಡಿ ಹೆಚ್ಚು ಸಲ ಬಂತು.

ಹಾಗಾಗಿ ಮಗುವಿಗೆ ಕಲಿಸಬೇಕಾದ್ದು ಯೋಚನೆಯನ್ನು ಓಡಿಸುವುದನ್ನಲ್ಲ, ಬಂದದ್ದು ಬರೀ ಯೋಚನೆ ಎಂದು ಗುರುತಿಸುವುದನ್ನು. ಮೈಂಡ್‌ಫುಲ್‌ನೆಸ್ ಎಂಬ ದೊಡ್ಡ ಪದದ ತಿರುಳೂ ಇದೇ: ಈ ಕ್ಷಣ ಆಗುತ್ತಿರುವುದನ್ನು ಬೈಯದೆ, ಹಳಿಯದೆ ನೋಡುವುದು.

1. ಮೊದಲು ಮೈ, ಆಮೇಲೆ ಮಾತು

ಬಿಕ್ಕಿ ಅಳುವ ಮಗುವಿಗೆ ಬುದ್ಧಿ ಹೇಳಬೇಡಿ, ಆಗ ಅದಕ್ಕೆ ಏನೂ ಕೇಳಿಸುವುದಿಲ್ಲ. ಅಂಗಾತ ಮಲಗಿಸಿ ಹೊಟ್ಟೆಯ ಮೇಲೆ ಸಣ್ಣ ಗೊಂಬೆ ಇಡಿ. ಉಸಿರೆಳೆದರೆ ಗೊಂಬೆ ಮೇಲೆ, ಬಿಟ್ಟರೆ ಕೆಳಗೆ. ಮೂರು ಎಣಿಸುತ್ತ ಒಳಗೆ, ಐದು ಎಣಿಸುತ್ತ ಹೊರಗೆ. ಬಿಡುವ ಉಸಿರು ಉದ್ದವಾದಷ್ಟೂ ಎದೆಬಡಿತ ಇಳಿಯುತ್ತದೆ. ಉಸಿರು ಬಿಗಿಹಿಡಿಯುವುದು ಬೇಡ. ಹತ್ತು ಉಸಿರು ಸಾಕು. ಪಕ್ಕದಲ್ಲಿ ನೀವೂ ಮಲಗಿ ಮಾಡಿದರೆ ಇನ್ನೂ ಒಳ್ಳೆಯದು.

2. ನಗುವ ಹೊತ್ತಿನಲ್ಲೇ ಅಭ್ಯಾಸ

ಹೊಳೆ ಉಕ್ಕಿ ಬಂದ ದಿನ ಈಜು ಕಲಿಸಲಾಗದು. ಮಗು ಖುಷಿಯಾಗಿರುವಾಗಲೇ ದಿನಕ್ಕೆ ಎರಡು ಮೂರು ನಿಮಿಷ ಮಾಡಿಸಿ. ದೇವರ ಮನೆಯ ಗಂಟೆಯನ್ನು ಒಮ್ಮೆ ಬಾರಿಸಿ, ನಾದ ಪೂರ್ತಿ ಅಡಗಿದಾಗ ಕೈ ಎತ್ತಲು ಹೇಳಿ. ಜಾನ್ ಕಬಾಟ್-ಜಿನ್ 1979ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಆರಂಭಿಸಿದ ಮೈಂಡ್‌ಫುಲ್‌ನೆಸ್ ತರಬೇತಿಯಲ್ಲಿ ಒಂದೇ ಒಂದು ಒಣದ್ರಾಕ್ಷಿಯನ್ನು ನೋಡಿ, ಮೂಸಿ, ನಿಧಾನವಾಗಿ ಅಗಿಯುವ ಪಾಠವಿದೆ. ನನಗೆ ಅದಕ್ಕಿಂತ ಹುರಿದ ಕಡಲೆಕಾಯಿಯೇ ಇಷ್ಟ. ಸಿಪ್ಪೆ ಒಡೆಯುವ ಸದ್ದು, ಒಳಗಿನ ಕೆಂಪು ಪೊರೆ, ಹುರಿದ ವಾಸನೆ, ಎಲ್ಲ ಅದರಲ್ಲಿದೆ. ನಡುವೆ ಮಗುವಿನ ಮನಸ್ಸು ಆಟದ ಕಡೆ ಓಡಿದರೆ ಗದರಬೇಡಿ. ಓಡಿತು ಎಂದು ತಿಳಿದು ಹಿಂದೆ ಬರುವುದೇ ಅಭ್ಯಾಸ. ‘ಕಣ್ಮುಚ್ಚಿ ಕೂತ್ಕೋ’ ಎನ್ನುವುದನ್ನು ಶಿಕ್ಷೆಯಾಗಿ ಮಾತ್ರ ಎಂದೂ ಬಳಸಬೇಡಿ.

3. ಬಾಲ ಕಟ್ಟುವ ಆಟ

‘ನಾನು ದಡ್ಡಿ’ ಎಂಬ ಮಾತಿಗೆ ‘ಅನ್ನೋ ಯೋಚನೆ ಬಂತು’ ಎಂಬ ಬಾಲ ಕಟ್ಟಿಸಿ. ‘ನಾನು ದಡ್ಡಿ ಅನ್ನೋ ಯೋಚನೆ ಬಂತು.’ ಜೋರಾಗಿ ಹೇಳಿ ನೋಡಿ, ವ್ಯತ್ಯಾಸ ಕಿವಿಗೇ ತಿಳಿಯುತ್ತದೆ. ಮೊದಲನೆಯದು ತೀರ್ಪು, ಎರಡನೆಯದು ಬಂದು ಹೋಗುವ ನೆಂಟ. ಇದನ್ನು ಮೊದಲು ಮಾಡಿ ತೋರಿಸಬೇಕಾದವರು ನಾವು. ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿದಾಗ, ‘ನನ್ನ ಕೈಲಿ ಒಂದೂ ನೆಟ್ಟಗಾಗಲ್ಲ ಅನ್ನೋ ಯೋಚನೆ ಬಂತು ನೋಡು’ ಎಂದು ಮಗುವಿನೆದುರೇ ಹೇಳಿ. ಮಕ್ಕಳು ಇದನ್ನು ಬಲುಬೇಗ ಹಿಡಿಯುತ್ತಾರೆ.

4. ಕೇಳಿ, ವಾದಿಸಬೇಡಿ

ತಾನಾಗಿ ನುಗ್ಗುವ ಇಂಥ ಯೋಚನೆಗಳನ್ನು ನಿಜವೋ ಎಂದು ಒರೆಗೆ ಹಚ್ಚುವ ಚಿಕಿತ್ಸೆಯನ್ನು 1960ರ ದಶಕದಲ್ಲಿ ರೂಪಿಸಿದವರು ಮನೋವೈದ್ಯ ಆರನ್ ಬೆಕ್. ಮನೆಯಲ್ಲಿ ಅದರ ಸಣ್ಣ ರೂಪ ಸಾಕು. ‘ಇಲ್ಲ, ನೀನು ಜಾಣೆ’ ಎಂದರೆ ಮಗು ನಂಬುವುದಿಲ್ಲ. ಹೀಗೆ ಕೇಳಿ:

‘ಯಾವ ಲೆಕ್ಕ ಬರಲಿಲ್ಲ?’

‘ಭಾಗಾಕಾರ.’

‘ಗುಣಾಕಾರ?’

‘ಅದು ಬರುತ್ತೆ.’

‘ನಿನ್ನ ಗೆಳತಿ ನಾನು ದಡ್ಡಿ ಅಂದ್ರೆ ನೀನೇನು ಹೇಳ್ತೀಯ?’

ಕೊನೆಗೆ ಉಳಿಯುವ ವಾಕ್ಯ: ‘ನಂಗೆ ಭಾಗಾಕಾರ ಇನ್ನೂ ಬಂದಿಲ್ಲ.’ ಸುಳ್ಳು ಸಮಾಧಾನ ಇದರಲ್ಲಿಲ್ಲ. ನಾಳೆ ಕೂತು ಕಲಿಯಬಹುದಾದ ಒಂದು ಲೆಕ್ಕವಷ್ಟೇ ಇದೆ.

5. ಯೋಚನೆಯಲ್ಲ, ನಿಜವೇ ಆಗಿದ್ದರೆ?

‘ಯಾರೂ ಆಡಲ್ಲ’ ಎಂಬುದು ನಡೆದ ಸಂಗತಿಯೇ ಇರಬಹುದು. ಯಾರೋ ರೇಗಿಸುತ್ತಿರಬಹುದು, ಹೊಡೆಯುತ್ತಿರಬಹುದು, ಮುಟ್ಟಬಾರದ ಕಡೆ ಮುಟ್ಟುತ್ತಿರಬಹುದು. ಅಂಥ ಮಗುವಿಗೆ ‘ಉಸಿರು ಎಣಿಸು’ ಎನ್ನುವುದು ಅನ್ಯಾಯ. ಆಗ ಎದ್ದು ಹೋಗಿ ಶಾಲೆಯಲ್ಲಿ ಮಾತಾಡಬೇಕಾದವರು ದೊಡ್ಡವರು. ತುರ್ತಾಗಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ.

ಎರಡು ವಾರ ಕಳೆದರೂ ನಿದ್ದೆ, ಊಟ ಸರಿಹೋಗದಿದ್ದರೆ, ಶಾಲೆ ಎಂದರೆ ಹೊಟ್ಟೆನೋವು ಬರುತ್ತಿದ್ದರೆ ತಜ್ಞರನ್ನು ಕಾಣಿ. ‘ನಾನು ಇರಬಾರದಿತ್ತು’ ಎಂಬಂಥ ಮಾತು ಬಂದರಂತೂ ಎರಡು ವಾರ ಕಾಯಬೇಡಿ, ಅಂದೇ ಹೊರಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಎನ್ನದೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಡಾಕ್ಟರ ಹತ್ತಿರ ಎಂದರೆ ಮಕ್ಕಳಿಗೆ ನೆನಪಾಗುವುದು ಸೂಜಿ. ಹೊರಡುವ ಮುಂಚೆಯೇ ಹೇಳಿಬಿಡಿ: ‘ಅಲ್ಲಿ ಮಾತಾಡೋದು ಪುಟ್ಟಿ. ನಾನೂ ಜೊತೆಗಿರ್ತೀನಿ.’